ಕೆಂಪು ತಂಡಕ್ಕೆ ಪದಕವಿಲ್ಲ

ಅಮ್ಮ ಲೋಟವನ್ನು ಕುಕ್ಕಿದ ರಭಸಕ್ಕೆ ಅರ್ಧ ಚಹಾ ಮೇಜಿನ ಮೇಲೇ ಚೆಲ್ಲಿತು. ಅವಳು ಒರೆಸಲಿಲ್ಲ. ನಾನೂ ಒರೆಸಲಿಲ್ಲ.

"ಸ್ವಂತ ಅಕ್ಕ ಕಣೋ ಅವಳು."

"ಗೊತ್ತಮ್ಮ."

"ಗೊತ್ತಿದ್ದೂ ಪದಕ ಇಲ್ಲ ಅಂದ್ಯಾ? ಅದೂ ಮೈಕಲ್ಲಿ, ಊರೆಲ್ಲ ಕೇಳೋ ಹಾಗೆ? ನಾಲಿಗೆ ಹೇಗೆ ಹೊರಳ್ತೋ ನಿಂಗೆ?"

ಹೇಗೆ ಹೊರಳಿತು ಅಂದರೆ, ನನ್ನನ್ನು ಕೂರಿಸಿದ್ದೇ ಅದಕ್ಕೆ. ನಮ್ಮೂರ ಕಾಡಿನಲ್ಲಿ ಆ ವಾರ ಅಂತಾರಾಷ್ಟ್ರೀಯ ಓರಿಯೆಂಟಿಯರಿಂಗ್ ಪಂದ್ಯ. ಕೈಯಲ್ಲಿ ನಕ್ಷೆ, ಬೆರಳಿನಲ್ಲಿ ದಿಕ್ಸೂಚಿ, ಕಾಲ ಕೆಳಗೆ ದಾರಿಯೇ ಇಲ್ಲದ ಕಾಡು. ಅಲ್ಲಲ್ಲಿ ಬಿಳಿ-ಕಿತ್ತಳೆ ಬಣ್ಣದ ಬಟ್ಟೆ ತೂಗುಹಾಕಿದ ಗುರುತುಗಳು. ಅವಕ್ಕೆ ಕಂಟ್ರೋಲ್ ಅನ್ನುತ್ತಾರೆ. ಒಂದೊಂದನ್ನೂ ಹುಡುಕಿ, ಬೆರಳಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಅನ್ನು ಅಲ್ಲಿನ ಪೆಟ್ಟಿಗೆಗೆ ಒತ್ತಿ ಮುಂದೆ ಓಡಬೇಕು. ಕೊನೆಯ ದಿನ ಹೆಂಗಸರ ರಿಲೇ. ಒಂದು ದೇಶಕ್ಕೆ ಮೂವರು, ಒಬ್ಬಳ ನಂತರ ಒಬ್ಬಳು. ಮೈದಾನದ ಅಂಚಿನ ಕಂಟೇನರ್ ಕೋಣೆಯಲ್ಲಿ ಕುಳಿತು, ಯಾವ ದೇಶಕ್ಕೆ ಯಾವ ಪದಕ ಎಂದು ಮೊದಲೇ ಹೇಳುವುದು ನನ್ನ ಕೆಲಸ. ನಮ್ಮ ದೇಶದ್ದು ಕೆಂಪು ಅಂಗಿ. ನಮ್ಮ ಕೊನೆಯ ಓಟಗಾರ್ತಿ ನನ್ನಕ್ಕ.

ಕೆಲಸ ಅಂದೆನಲ್ಲ, ಇನ್ನೂ ಆಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಟಯರ್ ಗೋದಾಮಿನಲ್ಲಿ ಟಯರ್ ಉರುಳಿಸುತ್ತಿದ್ದೆ. ಮೈಯಿಂದ ರಬ್ಬರ್ ವಾಸನೆ ಹೋಗುತ್ತಲೇ ಇರಲಿಲ್ಲ. ಊಟದ ಬಿಡುವಿನಲ್ಲಿ ಟಯರ್ ರಾಶಿಯ ಮೇಲೆ ಕೂತು, ಪಂದ್ಯಪ್ರಿಯರು ಹರಟುವ ವೆಬ್‌ಸೈಟಿನಲ್ಲಿ ನನ್ನ ಊಹೆ ಬರೆದುಹಾಕುತ್ತಿದ್ದೆ. ಅವು ನಿಜವಾಗುತ್ತ ಹೋದದ್ದು ಪಂದ್ಯದ ಪ್ರಸಾರ ನಡೆಸುವ ಮೇಡಂ ಕಣ್ಣಿಗೆ ಬಿತ್ತು. ಅವರು ಕರೆಸಿ ನೇರವಾಗಿ ಹೇಳಿದರು: "ಈ ರಿಲೇ ಸರಿಯಾಗಿ ಹೇಳು, ಮುಂದಿನ ವರ್ಷ ನಮ್ಮ ಜೊತೆ ಊರೂರು ತಿರುಗ್ತೀಯ. ತಪ್ಪಿದ್ರೆ ಆ ಕುರ್ಚಿ ಮೇಲೆ ಕಂಪ್ಯೂಟರ್ ಇಡ್ತೀನಿ. ಅದಕ್ಕೆ ಚಹಾ ಕೊಡೋ ತಾಪತ್ರಯಾನೂ ಇರಲ್ಲ."

ಆ ಕುರ್ಚಿ ನನಗೆ ಬೇಕಿತ್ತು. ಹೊಟ್ಟೆ ಹಸಿದವನಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಹಿಂದಿನ ಸಂಜೆ ಮೈದಾನದಲ್ಲಿ ನನ್ನ ಬಾಯಿಗೆ ಮೈಕ್ ಹಿಡಿದರು. ಹಳದಿ ಮೊದಲು, ನೀಲಿ ಎರಡನೆಯದು, ಹಸಿರು ಮೂರನೆಯದು ಅಂದೆ. ಯಾರೋ "ನಮ್ದು?" ಎಂದು ಕೂಗಿದರು. ಕೆಂಪು ತಂಡಕ್ಕೆ ಪದಕವಿಲ್ಲ ಅಂದೆ. ಅಷ್ಟೇ ಸಾಕಾಯಿತು. ಮನೆಗೆ ಬರುವಷ್ಟರಲ್ಲಿ ನಾನು ಮನೆಮುರುಕ. ಬೆಳಗ್ಗೆ ಮೆಟ್ಟಿಲಿಳಿದರೆ ಕೆಳಗಿನ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯನ್ನು ಶರ್ಟಿನ ಮೇಲೇ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಏನ್ ಜ್ಯೋತಿಷಿಗಳೇ, ಅಕ್ಕನ ಜಾತಕ ಅಷ್ಟು ಕೆಟ್ಟದಾ?"

"ನಿನ್ನ ಶರ್ಟ್ ಸುಡ್ತಿದೆ ನೋಡು. ಅದಕ್ಕೆ ಜಾತಕ ಬೇಕಾಗಿಲ್ಲ."

ಶರ್ಟು ನಿಜವಾಗಿಯೂ ಸುಡುತ್ತಿತ್ತು. ಅವನ ಬೈಗುಳ ಬೀದಿಯ ತಿರುವಿನವರೆಗೂ ನನ್ನ ಬೆನ್ನಿಗೆ ಬಿತ್ತು.

ಇವರಿಗೆಲ್ಲ ಒಂದು ವಿಷಯ ತಲೆಗೆ ಹೋಗುವುದೇ ಇಲ್ಲ. ಆಸೆ ಬೇರೆ, ಊಹೆ ಬೇರೆ. ಅಕ್ಕ ಗೆಲ್ಲಲಿ ಎಂದು ಇವರಿಗಿಂತ ಹೆಚ್ಚು ನನ್ನ ಕರುಳು ಕೂಗುತ್ತದೆ. ಆದರೆ ಅವಳ ಜೊತೆ ಕಾಡು ಸುತ್ತಿದವನು ನಾನು, ಇಸ್ತ್ರಿಯವನಲ್ಲ. ಅವಳು ಚಿಗರೆಯ ಹಾಗೆ ಓಡುತ್ತಾಳೆ, ನಕ್ಷೆಯನ್ನು ಸೊಗಸಾಗಿ ಓದುತ್ತಾಳೆ. ಆದರೆ ದಣಿದಾಗ ಮುಂದೆ ಯಾರದಾದರೂ ಬೆನ್ನು ಕಂಡರೆ ಮುಗಿಯಿತು, ಅದಕ್ಕೆ ಅಂಟಿಕೊಳ್ಳುತ್ತಾಳೆ. ನಕ್ಷೆ ಮಡಚಿ ಮುಷ್ಟಿಯೊಳಕ್ಕೆ ಹೋಗುತ್ತದೆ. ಬೇರೆ ಓಟದಲ್ಲಾದರೆ ಪರವಾಗಿಲ್ಲ. ರಿಲೇಯಲ್ಲಿ ಅದು ಸಾವು. ಯಾಕೆಂದರೆ ಒಬ್ಬರ ಹಿಂದೆ ಒಬ್ಬರು ಕುರಿಗಳ ಹಾಗೆ ಓಡಬಾರದೆಂದೇ ಇಲ್ಲಿ ದಾರಿಯನ್ನು ಕವಲು ಮಾಡಿರುತ್ತಾರೆ. ಅಕ್ಕಪಕ್ಕ ಓಡುವ ಇಬ್ಬರಿಗೆ ಮುಂದಿನ ಕಂಟ್ರೋಲ್ ಬೇರೆ ಬೇರೆ ಇರಬಹುದು. ಬಟ್ಟೆ ಒಂದೇ, ಪೆಟ್ಟಿಗೆ ಒಂದೇ, ಮೇಲಿನ ಸಂಖ್ಯೆ ಮಾತ್ರ ಬೇರೆ. ಸಂಖ್ಯೆ ನೋಡದೆ ಇನ್ನೊಬ್ಬಳ ಪೆಟ್ಟಿಗೆಗೆ ಚಿಪ್ ಒತ್ತಿದರೆ ಒಬ್ಬಳಲ್ಲ, ಮೂವರೂ ಹೊರಗೆ.

ಓಟಗಾರ್ತಿಯರನ್ನೆಲ್ಲ ಹಿಂದಿನ ದಿನವೇ ಶಿಬಿರಕ್ಕೆ ಸೇರಿಸಿ ಫೋನ್ ಕಿತ್ತುಕೊಂಡಿದ್ದರು. ನಾನು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ.

ಕಂಟೇನರಿನೊಳಗೆ ಕಾದ ತಗಡಿನ ವಾಸನೆ. ಗೋಡೆಗೆ ಪರದೆಗಳು, ಒಂದರಲ್ಲಿ ಕಾಡಿನ ನಕ್ಷೆ, ಅದರ ಮೇಲೆ ಬಣ್ಣದ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಬ್ಬಳು ಓಟಗಾರ್ತಿ. ಪಕ್ಕದ ಪರದೆಯಲ್ಲಿ ಯಾರ ಕವಲು ಯಾವುದು ಎಂಬ ವಿವರ. ಮೈದಾನಕ್ಕೆ ತೆರೆದ ಒಂದು ಕಿಟಕಿ. ಮೈಕಿನ ಮುಂದೆ ವೀಕ್ಷಕ ವಿವರಣೆ ಕೊಡುವ ಗುಡುಗಣ್ಣ. ಅವನ ಗಂಟಲಿಗೆ ಆ ಹೆಸರು ತಕ್ಕದ್ದೇ. ಅವನು ನಿಧಾನಕ್ಕೆ ಮಾತಾಡಿದರೂ ಮೇಜಿನ ಮೇಲಿನ ಲೋಟ ಅದುರುತ್ತಿತ್ತು.

"ನಿಯಮ ಜ್ಞಾಪಕ ಇದೆಯೇನೋ, ಮರಿ?" ಅಂದ. "ನಮ್ಮ ಮಾತು ಮೈದಾನಕ್ಕೆಲ್ಲ ಕೇಳುತ್ತೆ. ಓಡೋರಿಗೂ ಕೇಳುತ್ತೆ. ದಾರಿ ಬಗ್ಗೆ ಒಂದಕ್ಷರ ಬಾಯಿಂದ ಉದುರಿದ್ರೂ ಹೊರಗಿನ ಸಹಾಯ. ತಂಡ ಮನೆಗೆ."

"ಜ್ಞಾಪಕ ಇದೆ."

"ಕೊನೆಯ ಮಾತೂ ಜ್ಞಾಪಕ ಇರ್ಲಿ."

ಕೊನೆಯ ಮಾತು ಆ ಕೋಣೆಯ ಪದ್ಧತಿ. ಕೊನೆಯ ಓಟಗಾರ್ತಿಯರು ಒಮ್ಮೆ ಮೈದಾನದ ನಡುವೆ ಹಾದು, ಮತ್ತೆ ಕಾಡು ಹೊಕ್ಕು, ಒಂದು ಸುತ್ತು ಮುಗಿಸಿ ಬರುತ್ತಾರೆ. ಮುಂದಿನವರು ಹಾಗೆ ಹಾದುಹೋಗುವಾಗ ಊಹೆಯವನು ಮೈಕಿಗೆ ಬಂದು ಮೂರು ಪದಕಗಳನ್ನು ಹೇಳಲೇಬೇಕು. ಮೊದಲು ಹೇಳಿದ್ದನ್ನು ಬದಲಿಸಬಹುದು. ಮೇಡಂ ಲೆಕ್ಕಕ್ಕೆ ಹಿಡಿಯುವುದು ಆ ಮಾತನ್ನೇ.

ಮೊದಲ ಸುತ್ತಿನಲ್ಲಿ ನಮ್ಮವರು ಹಿಂದೆ ಬಿದ್ದರು. ಎರಡನೆಯವಳು ಕಚ್ಚಿಕೊಂಡು ಓಡಿ ಒಬ್ಬೊಬ್ಬರನ್ನೇ ದಾಟಿದಳು. ಅಕ್ಕ ನಕ್ಷೆ ಕಿತ್ತುಕೊಂಡು ಹೊರಟಾಗ ನಾಲ್ಕನೆಯ ಸ್ಥಾನ. ಮುಂದೆ ಹಳದಿ, ನೀಲಿ, ಆಮೇಲೆ ಹಸಿರು. ನಾನು ಹೇಳಿದ ಕ್ರಮವೇ. ಗುಡುಗಣ್ಣ ಮೈಕ್ ಮುಚ್ಚಿ ನನ್ನ ತೊಡೆಗೆ ಗುದ್ದಿದ. "ಕುರ್ಚಿ ಬಿಸಿ ಆಗ್ತಿದೆ ಕಣೋ." ನಾನು ನಗಲಿಲ್ಲ. ಕೆಂಪು ಚುಕ್ಕಿ ಹಸಿರಿನ ಹತ್ತಿರ ಹತ್ತಿರ ಬರುತ್ತಿತ್ತು.

ಬಂದೇ ಬಿಟ್ಟಿತು. ಕಾಡಿನಂಚಿನಿಂದ ಹಳದಿ ಮೈದಾನಕ್ಕೆ ಹೊರಬಿದ್ದಳು, ಅವಳ ಹಿಂದೆ ನೀಲಿ. ಒಂದಿಷ್ಟು ಹೊತ್ತು ಯಾರೂ ಇಲ್ಲ. ಆಮೇಲೆ ಹಸಿರು ಅಂಗಿ, ಅದಕ್ಕೆ ಅಂಟಿದ ಹಾಗೆ ಕೆಂಪು. ಜನ ಬೇಲಿಯ ಮೇಲೆ ಬಿದ್ದು ಅರಚತೊಡಗಿದರು. ಅಕ್ಕನ ಮೊಣಕಾಲಿನವರೆಗೆ ಕೆಸರು, ಬಾಯಿ ತೆರೆದಿತ್ತು, ಕಣ್ಣು ಹಸಿರಿನವಳ ಬೆನ್ನಿನ ಮೇಲೆ. ನಕ್ಷೆ ಮುಷ್ಟಿಯಲ್ಲಿ ಮುದುಡಿತ್ತು.

ನಾನು ಕವಲಿನ ಪರದೆ ನೋಡಿದೆ. ಮುಂದಿನ ಕಂಟ್ರೋಲ್ ಇಬ್ಬರಿಗೂ ಬೇರೆ. ಜೋಡಿಬಂಡೆಯವರೆಗೆ ದಾರಿ ಒಂದೇ. ಅಲ್ಲಿಂದ ಹಸಿರಿನವಳು ಬಲಕ್ಕೆ, ಕೊರಕಲಿನೊಳಕ್ಕೆ ಇಳಿಯಬೇಕು. ಅಕ್ಕ ಎಡಕ್ಕೆ, ಜೌಗಿನ ಅಂಚಿಗೆ ಹೋಗಬೇಕು. ಅವಳು ಹೋಗುವುದಿಲ್ಲ. ಆ ಬೆನ್ನಿನ ಹಿಂದೆ ಕೊರಕಲಿಗೇ ಇಳಿಯುತ್ತಾಳೆ, ಉಸಿರು ಕಟ್ಟಿಕೊಂಡು ಆ ಪೆಟ್ಟಿಗೆಗೇ ಚಿಪ್ ಒತ್ತುತ್ತಾಳೆ. ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

"ಅಣ್ಣಾ, ಅವಳು..."

ಗುಡುಗಣ್ಣನ ಅಂಗೈ ನನ್ನ ಬಾಯಿಯ ಮೇಲಿತ್ತು. ಅವನೂ ಪರದೆ ನೋಡಿದ್ದ. ಮೈಕ್ ಮುಚ್ಚಿ ಕಿವಿಯಲ್ಲಿ ಪಿಸುಗುಟ್ಟಿದ. ಅವನಿಗೂ ಪಿಸುಮಾತು ಬರುತ್ತದೆಂದು ಅಂದೇ ಗೊತ್ತಾಗಿದ್ದು. "ಒಂದಕ್ಷರ ಹೆಚ್ಚು ಆಡಿದ್ರೆ ನೀನೇ ಅವಳನ್ನ ಹೊರಗೆ ಹಾಕಿದ ಹಾಗೆ. ನಿನ್ನ ಕೆಲಸ ಮಾಡು. ಪದಕ ಹೇಳು."

ಮೈಕ್ ನನ್ನ ಮುಂದೆ ಬಂತು. ಕೆಂಪು ದೀಪ ಹೊತ್ತಿತು. ಅಕ್ಕ ಕಿಟಕಿಯ ನೇರಕ್ಕೆ ಬರುತ್ತಿದ್ದಳು. ಇಡೀ ಬೇಲಿ "ಕೆಂಪು! ಕೆಂಪು!" ಎನ್ನುತ್ತಿತ್ತು. ಒಂದು ಸುಳ್ಳು ಹೇಳಿದರೆ ಸಾಕಿತ್ತು. ಮೂರನೆಯದು ಕೆಂಪು ಅಂದಿದ್ದರೆ ಊರು ನನ್ನನ್ನು ಹೆಗಲ ಮೇಲೆ ಹೊರುತ್ತಿತ್ತು, ಅಮ್ಮ ಮೇಜು ಒರೆಸುತ್ತಿದ್ದಳು. ಆದರೆ ನನಗೆ ಹಾಗೆ ಅನ್ನಿಸಿರಲಿಲ್ಲ. ಅನ್ನಿಸದ್ದನ್ನು ಹೇಳುವುದಕ್ಕೆ ಆ ಕುರ್ಚಿಯೇ ಯಾಕೆ, ಅದು ಇಸ್ತ್ರಿ ಅಂಗಡಿಯಲ್ಲೂ ಆಗುತ್ತದೆ.

"ಹಳದಿ. ನೀಲಿ. ಹಸಿರು," ಎಂದೆ. ದನಿ ಒಡೆಯಿತು, ಸಿಟ್ಟಿಗೋ ಅಳುವಿಗೋ ತಿಳಿಯದು. "ಕೆಂಪು ತಂಡಕ್ಕೆ ಪದಕವಿಲ್ಲ."

ಅಕ್ಕ ಓಡುತ್ತಲೇ ತಲೆ ತಿರುಗಿಸಿದಳು. ಧ್ವನಿ ಯಾರದೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆ ನೋಟವನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅವಳ ತಟ್ಟೆಗೆ ಕೈ ಹಾಕಿದಾಗ ಸಿಗುತ್ತಿದ್ದ ನೋಟ. ಬಾಯಲ್ಲಿ ಏನೋ ಅಂದಳು. ಕೇಳಿಸದಿದ್ದರೂ ಗೊತ್ತಾಯಿತು, ಬರೆಯುವಂಥ ಮಾತಲ್ಲ. ಆಮೇಲೆ ಕಾಡು ಅವಳನ್ನು ನುಂಗಿತು.

ಪರದೆಯಲ್ಲಿ ಎರಡು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡೇ ಬಂಡೆಯ ಕಡೆ ನಡೆದವು. ನನ್ನ ಉಗುರು ಕುರ್ಚಿಯ ರೆಕ್ಸಿನ್ನಿನೊಳಗೆ ಇಳಿದಿತ್ತು. ಬಂಡೆ ಬಂತು. ಹಸಿರು ಬಲಕ್ಕೆ ತಿರುಗಿತು.

ಕೆಂಪು ನಿಂತಿತು.

ಓಟದಲ್ಲಿ ಯಾರೂ ನಿಲ್ಲುವುದಿಲ್ಲ. ಅಕ್ಕನಂತೂ ಇಲ್ಲವೇ ಇಲ್ಲ. ಆ ಚುಕ್ಕಿ ಅಲ್ಲಿ ಕೂತೇ ಇತ್ತು. ನೋಡು, ನೋಡು, ನೋಡು ಎಂದು ನಾನು ಹಲ್ಲೊಳಗೆ ಗೊಣಗುತ್ತಿದ್ದೆ. ಆಮೇಲೆ ಅದು ಎಡಕ್ಕೆ ಹೊರಟಿತು. ಒಂಟಿಯಾಗಿ, ಗೆರೆ ಎಳೆದ ಹಾಗೆ, ಜೌಗಿನ ಅಂಚಿಗೆ.

ಗುಡುಗಣ್ಣ ನನ್ನ ಭುಜ ಹಿಡಿದ. "ನಿನ್ನ ಕುರ್ಚಿ ಹೋಗ್ತಿದೆ," ಅಂದ.

"ಹೋಗ್ಲಿ," ಅಂದೆ. ಹಾಗೆಂದು ಬಾಯಿ ಹೇಳಿತು. ಬೆರಳುಗಳು ಕುರ್ಚಿಯನ್ನು ಬಿಟ್ಟಿರಲಿಲ್ಲ.

ಕೊನೆಯ ಕಂಟ್ರೋಲಿಗೆ ಇಬ್ಬರೂ ಎರಡು ದಿಕ್ಕಿನಿಂದ ಒಟ್ಟಿಗೇ ಬಂದರು. ಅಲ್ಲಿಂದ ಮುಕ್ತಾಯದ ಗೆರೆಗೆ ಹುಲ್ಲಿನ ಏರು. ಹಳದಿ ಮುಗಿಸಿಯಾಗಿತ್ತು, ನೀಲಿ ಮುಗಿಸಿಯಾಗಿತ್ತು. ಅಕ್ಕನ ಮುಂದೆ ಈಗ ಅಂಟಿಕೊಳ್ಳಲು ಯಾರ ಬೆನ್ನೂ ಇರಲಿಲ್ಲ, ಹಸಿರಿನವಳು ಅವಳ ಪಕ್ಕದಲ್ಲಿದ್ದಳು. ಭುಜಕ್ಕೆ ಭುಜ ತಾಗಿಸಿ ಏರಿದರು. ಏರಿನ ತುದಿಯಲ್ಲಿ ಅಕ್ಕ ಒಂದು ಹೆಜ್ಜೆ ಮುಂದೆ, ಆಮೇಲೆ ಎರಡು. ಗೆರೆಯಾಚೆ ಮಕಾಡೆ ಬಿದ್ದಳು. ಗುಡುಗಣ್ಣ "ಕೆಂಪು ಮೂರನೇ ಸ್ಥಾನ!" ಎಂದು ಕೂಗಿದ್ದಕ್ಕೆ ತಗಡು ಗೋಡೆ ಝಲ್ಲೆಂದಿತು.

ನಾನು ಎದ್ದು ನಿಂತಿದ್ದೆ. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

ಹಸಿರು ತಂಡದ ತರಬೇತುದಾರ. ಹಿಂದೆ ಕೊರಳಿಗೆ ಬಿಳಿ ಪಟ್ಟಿ ಹಾಕಿಕೊಂಡ ತೀರ್ಪುಗಾರ, ಮೇಡಂ, ಕೆಸರಿನಲ್ಲೇ ಬಂದ ಅಕ್ಕ.

"ಇವನು ಅವಳ ತಮ್ಮ," ಎಂದ ತರಬೇತುದಾರ, ಬೆರಳು ನನ್ನ ಮೂಗಿಗೆ ತಾಗುವ ಹಾಗೆ. "ಕವಲು ಇವನ ಕಣ್ಮುಂದೆ ಇತ್ತು. ಮೈಕಲ್ಲಿ ಸನ್ನೆ ಕೊಟ್ಟ, ಅವಳು ನಿಂತು ದಾರಿ ಬದಲಿಸಿದಳು. ಪದಕ ನಮಗೆ ಕೊಡಿ."

ನನಗೆ ಮೈಯೆಲ್ಲ ಉರಿಯಿತು. ಮೇಡಂ ಕಣ್ಣಲ್ಲೇ ಕೂತ್ಕೋ ಅಂದರು.

ತೀರ್ಪುಗಾರ ಧ್ವನಿಮುದ್ರಿಕೆ ಹಾಕಿಸಿ ಕೇಳಿದ. ನನ್ನ ಒಡೆದ ದನಿ ಆ ಕೋಣೆಯಲ್ಲಿ ಇನ್ನೊಮ್ಮೆ ಹೊರಟಿತು. ಅವನು ಅಕ್ಕನ ಕಡೆ ತಿರುಗಿದ. "ಬಂಡೆ ಹತ್ರ ಯಾಕೆ ನಿಂತ್ರಿ?"

"ಕೋಪ ಬಂತು, ಸಾರ್," ಅಂದಳು ಅಕ್ಕ. ಇನ್ನೂ ಏದುಸಿರು. "ಇವನು ಹಾಗಂದಾಗ ತಲೆ ಕೆಟ್ಟುಹೋಯ್ತು. ಇವನಿಗೆ ತೋರಿಸ್ಬೇಕು ಅನ್ಸ್ತು. ತೋರಿಸ್ಬೇಕು ಅಂದ್ರೆ ತಪ್ಪು ಮಾಡಬಾರದು ಅಲ್ವಾ, ಮ್ಯಾಪ್ ತೆಗೆದು ನೋಡ್ದೆ."

"ಸನ್ನೆ ಅಂತ ತಿಳ್ಕೊಂಡ್ರಾ?"

"ಸನ್ನೆನಾ? ಚಪ್ಪಲೀಲಿ ಹೊಡೀಬೇಕು ಅನ್ಕೊಂಡೆ."

ಗುಡುಗಣ್ಣ ಕೆಮ್ಮಿದ. ತೀರ್ಪುಗಾರ ನಗಲಿಲ್ಲ. ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತ.

"ನೀನು ಹೇಳು. ಅವರಿಗೆ ಕೋಪ ಬರಲಿ, ಎಚ್ಚರ ಆಗಲಿ ಅಂತ ಹಾಗಂದೆಯಾ? ಅಥವಾ ಅವರು ಸೋಲ್ತಾರೆ ಅಂತಲೇ ನಂಬಿದ್ದೆಯಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಕೋಪ ಇಳಿದು, ಏನೋ ಹೊಳೆದ ಹಾಗೆ ಹುಬ್ಬು ಮೇಲೇರಿತ್ತು. ತಮ್ಮ ತನಗಾಗಿಯೇ ಹಾಗೆ ಮಾಡಿದನೇನೋ ಎಂಬ ಆಸೆ. ಹೌದು ಅಂದರೆ ನಾನು ಜಾಣ, ಅಕ್ಕನ ಕಣ್ಮಣಿ, ಮೇಡಂ ಮುಂದೆಯೂ ತಪ್ಪದ ಊಹೆಗಾರ. ಆದರೆ ಅದು ಹೊರಗಿನ ಸಹಾಯ, ಪದಕ ಹಸಿರಿನವರದ್ದು. ಆ ಲೆಕ್ಕವನ್ನೆಲ್ಲ ಆಮೇಲೆ ಹಾಕಿದ್ದು. ಆಗ ನನ್ನ ಬಾಯಲ್ಲಿ ಇದ್ದ ಉತ್ತರ ಒಂದೇ, ಅದು ನಿಜವೂ ಆಗಿತ್ತು.

"ಸೋಲ್ತಾಳೆ ಅಂತ ನಂಬಿದ್ದೆ," ಅಂದೆ. "ಆ ಬೆನ್ನಿನ ಹಿಂದೆ ಹೋಗಿ ಕೆಡ್ತಾಳೆ ಅಂತಲೇ ನಂಬಿದ್ದೆ. ನನ್ನ ಊಹೆ ತಪ್ಪಾಯ್ತು."

ಅಕ್ಕನ ಹುಬ್ಬು ಕೆಳಗಿಳಿಯಿತು.

ತೀರ್ಪುಗಾರ ಎದ್ದ. "ಧ್ವನಿಮುದ್ರಿಕೆಯಲ್ಲಿ ದಾರಿಯ ಮಾತಿಲ್ಲ. ತಪ್ಪು ಊಹೆಗೆ ದಂಡನೆ ಇಲ್ಲ. ಫಲಿತಾಂಶ ಹಾಗೇ ಇರುತ್ತೆ." ತರಬೇತುದಾರ ಬಾಗಿಲನ್ನು ಒದ್ದೇ ಹೊರಟ. ಅಕ್ಕ ಅವನ ಹಿಂದೆಯೇ ಇಳಿದುಹೋದಳು.

ಮೇಡಂ ಕೈ ಚಾಚಿದರು. ನಾನು ಕೊರಳಿನ ಗುರುತಿನ ಚೀಟಿ ತೆಗೆದು ಕೊಟ್ಟೆ.

"ಬೇಜಾರು ಮಾಡ್ಕೋಬೇಡ," ಅಂದರು. "ಮಾತಂದ್ರೆ ಮಾತು."

"ಬೇಜಾರಿಲ್ಲ, ಮೇಡಂ. ಸಿಟ್ಟಿದೆ. ನಿಮ್ಮ ಕಂಪ್ಯೂಟರ್ ಇದನ್ನ ಹೇಳ್ತಿತ್ತಾ ನೋಡಿ ಬೇಕಾದ್ರೆ."

"ಅದೂ ಹೇಳ್ತಿರಲಿಲ್ಲ," ಅಂದರು. ಆದರೂ ಚೀಟಿ ವಾಪಸ್ ಕೊಡಲಿಲ್ಲ.

ಹೊರಗೆ ಪದಕ ಕೊಡುತ್ತಿದ್ದರು. ಬೇಲಿಯ ಹತ್ತಿರ ಹೋದರೆ ಇಸ್ತ್ರಿಯವನೇ ಸಿಗಬೇಕೇ! "ಬನ್ನಿ ಜ್ಯೋತಿಷಿಗಳೇ," ಎಂದು ಪಕ್ಕದವರನ್ನು ತಳ್ಳಿ ಜಾಗ ಮಾಡಿದ. ಸುತ್ತಲಿದ್ದವರು ನಕ್ಕರು. ಅಕ್ಕ ಕಟ್ಟೆಯ ಮೇಲೆ ನಿಂತು ಕಂಟೇನರಿನ ಕಿಟಕಿಯ ಕಡೆ ನೋಡುತ್ತಿದ್ದಳು. ಅಲ್ಲಿ ನಾನಿರಲಿಲ್ಲ.

ನನ್ನ ಕೈಯಲ್ಲಿ ಮೈಕಿರಲಿಲ್ಲ, ನನ್ನ ಮೇಲೆ ನಿಯಮವೂ ಇರಲಿಲ್ಲ. ಬೇಲಿಯ ಮೇಲೆ ಹತ್ತಿ, ಗಂಟಲು ಹರಿಯುವ ಹಾಗೆ "ಅಕ್ಕಾ!" ಎಂದು ಕಿರುಚಿದೆ. ಎರಡನೇ ಸಲಕ್ಕೆ ಅವಳಿಗೆ ಕೇಳಿಸಿತು. ಜನರ ನಡುವೆ ಹುಡುಕಿ ಹುಡುಕಿ ನನ್ನನ್ನು ಕಂಡಳು. ನಗಲಿಲ್ಲ. ಪದಕವನ್ನು ಪಕ್ಕಕ್ಕೆ ಸರಿಸಿ, ಕೆಸರು ಒಣಗಿದ ಕೈಯೆತ್ತಿ, ಮೂರು ಬೆರಳು ತೋರಿಸಿದಳು. ನಾನು ನೋಡಿದೆನೋ ಇಲ್ಲವೋ ಎಂದು ಕೈ ಇಳಿಸದೆ ಹಾಗೇ ಹಿಡಿದುಕೊಂಡು ನಿಂತಳು.