ರಕ್ತ ಇಳಿಯುವ ಹೊತ್ತು

ಎರಡನೆಯ ಏಟು ಮೊಣಕೈಗೆ ಬಿದ್ದಾಗ ಮೂಳೆ ಮುರಿದ ಸದ್ದು ಅಂಗಡಿಯೆದುರು ನಿಂತವರಿಗೆಲ್ಲ ಕೇಳಿಸಿತು. ಆದರೂ ಮಹಾಬಲ ನಿಲ್ಲಿಸಲಿಲ್ಲ. ತಂಗಿಯ ಗಂಡ ಅಚ್ಚುತನನ್ನು ಬೆಳ್ಳಾರೆಯ ಪಂಚರ್ ಅಂಗಡಿಯಿಂದ ರಸ್ತೆಗೆ ಎಳೆದು ತಂದಿದ್ದ. ಕೈಯಲ್ಲಿ ಅದೇ ಅಂಗಡಿಯ ಟಯರು ಕೀಳುವ ಸಲಾಕೆ.

"ನಿನ್ನ ಮಗಳು ಅಮ್ಮುವಿನ ಕಾಲು ನೋಡಿ ಬಂದಿದ್ದೇನೆ. ಎಂತದರಲ್ಲಿ ಹೊಡೆದದ್ದು, ಬೆಲ್ಟಿನಲ್ಲಾ?"

"ದೇವರಾಣೆ ಮಗುವನ್ನು ಮುಟ್ಟಲಿಲ್ಲ ಭಾವ."

"ಹಾಗಾದರೆ ಆ ನೀಲಿ ಕಲೆ? ನೇರಳೆ ಹಣ್ಣು ಚೆಲ್ಲಿ ಬಂದದ್ದಾ?"

ಯಾರೂ ಬಿಡಿಸಲಿಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಮಗು ತಾಯಿಯ ಕಡೆಯದ್ದು, ಕೇಳುವ ಹಕ್ಕು ಸೋದರಮಾವನದ್ದು. ಅದೂ ಅಲ್ಲದೆ ಅಚ್ಚುತ ಹಿಂದೊಮ್ಮೆ ಕುಡಿದು ಹೆಂಡತಿಯ ಮೇಲೆ ಕೈ ಮಾಡಿದ್ದು ಊರಿಗೇ ಗೊತ್ತಿತ್ತು. ಅಂಥವನ ಪರವಾಗಿ ಸಾಕ್ಷಿ ಹೇಳಲು ಯಾರು ಬರುತ್ತಾರೆ? ಹೆಂಡತಿ ಸೀತು ಓಡಿ ಬಂದು, "ಅವರಲ್ಲ ಅಣ್ಣ, ಅದು ತನ್ನಷ್ಟಕ್ಕೆ ಎದ್ದದ್ದು" ಎಂದು ಕೂಗಿದಳು. ಹೆದರಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಮಹಾಬಲ ಇನ್ನೊಂದು ಬಾರಿಸಿದ.

"ಪುತ್ತೂರಿನ ಡಾಕ್ಟರರೇ ಹೇಳಲಿ. ಮತ್ತೆ ಇವನನ್ನು ಪೊಲೀಸರಿಗೆ ಕೊಡುದು."

ತಾಯಿ, ಮಗು, ಮಾವ ಬಸ್ಸು ಹತ್ತಿದರು. ಮುರಿದ ಕೈಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡ ಅಚ್ಚುತನೂ ಹಿಂದಿನಿಂದ ಹತ್ತಿದ. ಅವನನ್ನು ಯಾರೂ ಕರೆದಿರಲಿಲ್ಲ.

ಸರ್ವೋತ್ತಮ ಡಾಕ್ಟರು ಅಮ್ಮುವಿನ ಊದಿದ ಪಾದದ ಗಂಟು ಮುಟ್ಟಿ ನೋಡಿದರು. "ಹೊಟ್ಟೆನೋವು ಉಂಟಾ ಮಗು?" ಅವಳು ಹೌದೆಂದು ತಲೆಯಾಡಿಸಿದಳು. ರಕ್ತ ತೆಗೆಯಲು ರಟ್ಟೆಗೆ ರಬ್ಬರ್ ಕೊಳವೆ ಬಿಗಿದಾಗ ಕಿರುಚಿ ಕೊಸರಾಡಿದಳು. ಮಹಾಬಲ ಅವಳ ಇನ್ನೊಂದು ತೋಳನ್ನು ಬಲವಾಗಿ ಅದುಮಿ ಹಿಡಿದ.

ಸೂಜಿ ಹೊರಬರುವುದರೊಳಗೆ ಕೊಳವೆಯ ಕೆಳಗೆ ಕೆಂಪು ಚುಕ್ಕೆಗಳು ಏಳತೊಡಗಿದವು. ಮಹಾಬಲ ನೋಡುತ್ತಲೇ ಇದ್ದ.

"ಇದು ಪೆಟ್ಟಲ್ಲ ಮಾರಾಯ್ರೆ, ಕಾಯಿಲೆ. ರಕ್ತನಾಳಕ್ಕೆ ಉರಿಯೂತ. ಒತ್ತಿದಲ್ಲೆಲ್ಲ ಏಳ್ತದೆ," ಎಂದ ಡಾಕ್ಟರು ಬಾಗಿಲಾಚೆ ಕೂತಿದ್ದ ಅಚ್ಚುತನ ಕಡೆ ನೋಡಿದರು. "ಪೆಟ್ಟು ಬಿದ್ದದ್ದು ಅಗೋ, ಅವರಿಗೆ."

ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದರು. "ಒಂದು ಗಂಟೆ ಕಾಯಿರಿ. ಕೆಂಪು ಎಷ್ಟು ಕೆಳಗಿಳಿತದೋ ಒಳಗಿನ ಉರಿ ಅಷ್ಟು ಜೋರು. ಎಲ್ಲವೂ ಇದರಲ್ಲೇ ಗೊತ್ತಾಗುದಿಲ್ಲ. ಆದರೆ ತುಂಬ ಇಳಿದರೆ ನಾನು ಇಲ್ಲಿ ಇಟ್ಟುಕೊಳ್ಳುದಿಲ್ಲ. ಕಿಡ್ನಿಗೆ ಹೋಗುವ ಹೆದರಿಕೆ ಉಂಟು."

ಹೊರಗೆ ಜಗಲಿಯಲ್ಲಿ ಅಚ್ಚುತ ಎದ್ದು ಬಂದು ಎಡಗೈಯಿಂದ ಭಾವನ ಬಾಯಿಗೆ ಗುದ್ದಿದ. ಮತ್ತೊಮ್ಮೆ ಗುದ್ದಿದ. ತುಟಿ ಒಡೆದು ರಕ್ತ ಅಂಗಿಗೆ ಇಳಿಯಿತು. ಮಹಾಬಲ ಕೈಯೆತ್ತಲಿಲ್ಲ.

"ಇನ್ನೂ ಹೊಡಿ."

"ಎಡಗೈಯಲ್ಲಿ ನನಗೆ ಸರಿಯಾಗಿ ಬರುದಿಲ್ಲ," ಎಂದು ಅಚ್ಚುತ ಗೋಡೆಗೆ ಒರಗಿ ಏದುಸಿರು ಬಿಟ್ಟ.

"ಇಬ್ಬರೂ ಸಾಯಿರಿ ಅತ್ಲಾಗಿ," ಎಂದಳು ಸೀತು. "ಮಗು ನೋಡ್ತಾ ಉಂಟು."

ಡಾಕ್ಟರು ಹೊರಬಂದಾಗ ಅವರ ಮುಖ ನೋಡಿಯೇ ಸೀತು ಎದ್ದು ನಿಂತಳು. ನಳಿಗೆಯಲ್ಲಿ ಕೆಂಪು ಅರ್ಧಕ್ಕಿಂತ ಕೆಳಗೆ ಹೋಗಿತ್ತು.

"ಮಂಗಳೂರಿಗೆ. ಈಗಲೇ ಹೊರಡಿ. ಮಗುವನ್ನು ನಡೆಸಬೇಡಿ."

ಅಚ್ಚುತ ಬಗ್ಗಿದ, ಮುರಿದ ಕೈ ಏಳಲಿಲ್ಲ. ಮಹಾಬಲ ಎರಡೂ ಕೈ ಚಾಚಿದವನು ಅಲ್ಲೇ ನಿಂತ. ಅಮ್ಮುವಿನ ತೋಳಿನ ಮೇಲೆ ಅವನವೇ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ಎಲ್ಲಿ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅಡಿಯಿಂದ ಹಿಡಿ," ಎಂದ ಅಚ್ಚುತ. "ಬೆರಳು ಮಡಚಬೇಡ."

ಮಹಾಬಲ ಅಂಗೈಗಳನ್ನು ಅಗಲಕ್ಕೆ ಬಿಡಿಸಿ ಮಗುವಿನ ಅಡಿಗೆ ತೂರಿಸಿದ. ಬಸ್‌ಸ್ಟ್ಯಾಂಡಿನವರೆಗೂ ಹಾಗೇ ನಡೆದ, ಬೆರಳುಗಳನ್ನು ನೇರ ಚಾಚಿಕೊಂಡು. ಪಕ್ಕದಲ್ಲಿ ಅಚ್ಚುತ, ದಾರಿಯ ಜನರನ್ನು ಎಡಗೈಯಿಂದ ಸರಿಸುತ್ತ.