ಗಾಳಿ ಹೊಗುವ ಜಾಗ

ಬಸರಾಳಿನ ಚಲುವಮ್ಮ ಬಲಗೈ ಮುರಿದು ಕಟ್ಟು ಹಾಕಿಸಿಕೊಂಡು ಹದಿನೈದು ದಿನವಾಗಿತ್ತು. ಅವಳ ಸೀಮೆ ಹಸು ಗೌರಿಯೋ, ಮಹಾ ಮೊಂಡು. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಜಾಡಿಸಿ ಒದೆಯುತ್ತಿತ್ತು. ಹಾಲು ಕರೆಯುವ ಮೆಷಿನ್ನಿಗೆ ಮಾತ್ರ ಹೇಗೋ ಒಗ್ಗಿಕೊಂಡಿತ್ತು. ಆ ಮೆಷಿನ್ನೇ ಬೆಳಿಗ್ಗೆ ಕೈಕೊಟ್ಟಿತು. ಮೋಟರು ಗುರ್ರೆನ್ನುತ್ತದೆ, ಹಾಲು ಒಂದು ತೊಟ್ಟೂ ಇಲ್ಲ. ಕಂಪನಿಯವನು ನಾಳಿದ್ದು ಬರುತ್ತೇನೆಂದ. ಕರು ಕುಡಿದು ಮುಗಿಸುವ ಹಾಲಲ್ಲ ಅದು. ಸಂಜೆಯಾಗುವಷ್ಟರಲ್ಲಿ ಕೆಚ್ಚಲು ಕಲ್ಲಾಗಿ ಹಸು ಅರಚುತ್ತಿತ್ತು. ಹೋದ ವರ್ಷ ಕೆಚ್ಚಲು ಬಾವು ಬಂದು ಒಂದು ಹಸು ಕಳೆದುಕೊಂಡವಳು ಚಲುವಮ್ಮ. ದಿಕ್ಕು ತೋಚದೆ, ತನ್ನ ಪಂಪ್‌ಸೆಟ್ ರಿಪೇರಿ ಮಾಡುವ ಮಂಡ್ಯದ ಕರೀಂ ಸಾಬರಿಗೆ ಫೋನ್ ಮಾಡಿದಳು. ಅವರು ಮಗ ಝುಬೇರನನ್ನೂ ಮಗಳು ಜಾಕಿಯಾಳನ್ನೂ ಬೈಕಿನಲ್ಲಿ ಕಳಿಸಿದರು.

ಇಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸ ಕಲಿತವರು. ಯಾವ ಕಾಯಿಲೆಗೆ ಯಾವ ಮದ್ದು ಅನ್ನೋದು ಝುಬೇರನಿಗೆ ಬಾಯಿಪಾಠ. ಜಾಕಿಯಾಳದು ಬೇರೆ ಚಾಳಿ, ಯಾಕೆ ಯಾಕೆ ಅಂತ ಅಪ್ಪನ ತಲೆ ತಿನ್ನುವುದು. ಪಂಪು ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯೇ ನೀರನ್ನು ಮೇಲಕ್ಕೆ ನೂಕುತ್ತದೆ ಎಂದು ಕರೀಂ ಸಾಬರು ಅವಳಿಗೆ ಹೇಳಿ ಹೇಳಿ ಸುಸ್ತಾಗಿದ್ದರು.

ಝುಬೇರ್ ಮೆಷಿನ್ನನ್ನು ಒಂದು ಸುತ್ತು ನೋಡಿದ. ಪಂಪು ನೀರು ಹಿಡಿಯದಿದ್ದರೆ ಪೈಪಿಗೆ ಸಗಣಿ ನೀರು ಹುಯ್ದು ಸಂದಿ ಮುಚ್ಚಿಸುವುದು ಹಳೇ ಮದ್ದು. ಅಭ್ಯಾಸಬಲ ನೋಡಿ, ಅವನ ಕೈ ಬಕೆಟ್ಟಿಗೆ ಹೋಯಿತು.

"ಚಲುವಮ್ಮೋರೆ, ಒಸಿ ಸಗಣಿ ಕೊಡಿ, ಕದಡಿ ಉಯ್ಯಮ."

"ಆಲಿನ್ ಪೈಪಿಗೆ ಸಗಣಿ ಉಯ್ದೀಯೇನ್ಲಾ? ನಿನ್ ಬುದ್ಧಿಗಷ್ಟು ಬೆಂಕಿ ಆಕ!" ಎಂದು ಚಲುವಮ್ಮ ಬಕೆಟ್ ಕಿತ್ತುಕೊಂಡಳು.

ಝುಬೇರ್ ಪೆಚ್ಚಾದ. "ಈ ಮೆಷಿನ್ನು ನಮ್ಗೆ ಗೊತ್ತಿಲ್ಲ ಕಣಮ್ಮಿ, ಬಾ ಓಗಮ," ಎಂದ ತಂಗಿಗೆ.

ಜಾಕಿಯಾ ಕದಲಲಿಲ್ಲ. ಅವಳೂ ಇಂಥದ್ದನ್ನು ಕಂಡದ್ದು ಅದೇ ಮೊದಲು. ಆದರೆ ಮೋಟರು ಸರಿಯಾಗಿಯೇ ತಿರುಗುತ್ತಿದೆ, ಗಾಳಿಯ ಎಳೆತ ತೋರಿಸುವ ಮೀಟರಿನ ಮುಳ್ಳು ಮಾತ್ರ ಮೇಲೇಳುತ್ತಿಲ್ಲ. ಇದೂ ಗಾಳಿ ಹೀರುವ ಯಂತ್ರವೇ ತಾನೇ? ಹಾಗಾದರೆ ಹೊರಗಿನ ಗಾಳಿ ಎಲ್ಲೋ ಒಳಕ್ಕೆ ನುಗ್ಗುತ್ತಿದೆ, ಆ ಜಾಗ ಸಿಕ್ಕರೆ ಮುಗಿಯಿತು.

"ಅವ್ವಾ, ಒಂದು ಗಂಧದಕಡ್ಡಿ ಅಚ್ಕೊಡಿ."

"ಮೆಸಿನ್ನಿಗೆ ಪೂಜೆ ಮಾಡೀಯೇನವ್ವ?"

"ಮಾಡ್ತೀನಿ, ಬೇಗ ಕೊಡಿ."

ಹೊಗೆಯಾಡುವ ಕಡ್ಡಿಯನ್ನು ಪೈಪಿನುದ್ದಕ್ಕೂ ಹಿಡಿದು ಬಂದಳು. ನೆಟ್ಟಗೆ ಏಳುತ್ತಿದ್ದ ಹೊಗೆ, ಹಾಲು ತುಂಬುವ ಕ್ಯಾನಿನ ಹತ್ತಿರ ತಟ್ಟನೆ ಬಾಗಿ ರಬ್ಬರ್ ಪೈಪಿನೊಳಕ್ಕೆ ಹೋಯಿತು. ಹಾಳಾದ ಇಲಿ ಅಲ್ಲಿ ಕಡಿದಿತ್ತು! ಕಡಿದ ತುದಿಯನ್ನು ಕತ್ತರಿಸಿ, ಮತ್ತೆ ಸೇರಿಸಿ, ಕ್ಲಿಪ್ ಬಿಗಿದಳು. ಮುಳ್ಳು ಸರ್ರನೆ ಏರಿತು. ಗೌರಿಗೆ ಮೆಷಿನ್ ಹಚ್ಚಿದ್ದೇ ತಡ, ಹಾಲು ಹರಿಯತೊಡಗಿತು.

"ಈ ಮೆಷಿನ್ನು ಎಲ್ಲಿ ಕಲ್ತೆ?" ಝುಬೇರ್ ಬಾಯಿ ಬಿಟ್ಟುಕೊಂಡು ಕೇಳಿದ.

"ಮೆಷಿನ್ ಕಲ್ತಿಲ್ಲ ಭಾಯ್. ಅಬ್ಬಾ ಗಾಳಿ ವಿಚಾರ ಹೇಳ್ಕೊಟ್ಟಿದ್ರಲ್ಲ, ಅದು ಪಂಪಿಗಾದ್ರೇನು, ಇದಕ್ಕಾದ್ರೇನು?"

ಚಲುವಮ್ಮ ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. ಹಾಲು ನಿಂತ ಮೇಲೆ ಗೌರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಕೆಚ್ಚಲು ಸವರಿ, ಒಂದೊಂದೇ ಮೊಲೆ ಮುಟ್ಟಿ ನೋಡಿದಳು. ಬೆಳಿಗ್ಗೆಯಿಂದ ತಡೆದಿದ್ದ ಅಳು ಆಗ ಬಂತು.

"ಮೆತ್ತಗಾಯ್ತು ಕಣವ್ವಾ," ಅಂದಳು ಜಾಕಿಯಾಳಿಗೆ, "ನಾಕೂ ಮೆತ್ತಗಾಯ್ತು."