ಹುಲುಗಮ್ಮನ ಜಮಾದಾರ ಎಲ್ಲಿ?

ಚಿಗಟೇರಿಯ ಹುಲುಗಮ್ಮನ ಮನೆಯಲ್ಲಿ ಯಾರೂ ಯಾವ ತಪ್ಪನ್ನೂ ಮಾಡುತ್ತಿರಲಿಲ್ಲ. ತಪ್ಪುಗಳು ತಾವಾಗಿಯೇ ಆಗುತ್ತಿದ್ದವು. ಹಾಲು ಉಕ್ಕಿತು, ಬಾಗಿಲು ತೆರೆದೇ ಉಳಿಯಿತು, ಸಾರಿಗೆ ಉಪ್ಪು ಹೆಚ್ಚಾಯಿತು. ಉಕ್ಕಿಸಿದವರು, ತೆರೆದಿಟ್ಟವರು, ಹಾಕಿದವರು ಮಾತ್ರ ಯಾರೂ ಇಲ್ಲ. ನಿಮ್ಮ ಮನೆಯಲ್ಲೂ ಹೀಗೆಯೇ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಅದಕ್ಕೇ ಆ ಶನಿವಾರ ಸಂಜೆ ಸೊಸೆ ರೇಖಾ ಆಡಿದ ಮಾತಿಗೆ ಮನೆಯೇ ಬೆಚ್ಚಿತು.

"ಅತ್ತಿ, ಮೊಸರಿನ ಗಡಿಗಿ ನಾನು ಒಡದೆ."

ರೊಟ್ಟಿ ಮುರಿಯುತ್ತಿದ್ದ ಹುಲುಗಮ್ಮನ ಕೈ ಅಲ್ಲೇ ನಿಂತಿತು. "ಒಡೀತು ಅನ್ನಬೇ."

"ಒಡೀಲಿಲ್ಲ ಅತ್ತಿ. ನಾನು ಒಡದೆ. ಫೋನ್ ನೋಡ್ಕೊಂತ ಎತ್ತಿದೆ, ಕೈ ಬಿಟ್ಟೆ. ಬೆಕ್ಕಿನ ಮ್ಯಾಲ ಹಾಕಿದೆ. ನೀವು ಬೆಕ್ಕಿಗೆ ಕಸಬರಗಿ ತಗಂಡು ಹೊಡದ್ರಿ. ನಾನು ಸುಮ್ನ ನಿಂತು ನೋಡಿದೆ."

ರೇಖಾಳ ಗಂಡ ಮಾರೇಶ್ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದವನು ಹೊಟ್ಟೆ ಹಿಡಿದು ನಕ್ಕ. "ಯವ್ವಾ, ನಿನ್ನ ಸೊಸಿ ಜೈಲಿಗೆ ಹೋಗಿ ಬಂದಾಳಲ್ಲ, ಗುನ್ನೆ ಒಪ್ಪಿಕೊಳ್ಳಾಕ ಕಲ್ತಾಳ ನೋಡು!"

ರೇಖಾ ನಿಜಕ್ಕೂ ಜೈಲಿಗೆ ಹೋಗಿ ಬಂದಿದ್ದಳು. ಅವಳು ಪಂಚಾಯ್ತಿ ಲೈಬ್ರರಿಯ ಮೇಲ್ವಿಚಾರಕಿ. ಹರಪನಹಳ್ಳಿಯ ವೆಲ್ಡಿಂಗ್ ಅಂಗಡಿ ಮಕ್ತುಂ ಸಾಬರ ಮಗಳು ಅಕೀಲ ಪುಸ್ತಕ ತೆಗೆದುಕೊಳ್ಳಲು ಬರುತ್ತಿದ್ದವಳು, ಒಂದು ದಿನ ರೇಖಾಳನ್ನೇ ಕರೆದುಕೊಂಡು ಹೋದಳು. ಅಕೀಲ ಮತ್ತು ಅವಳ ಹನ್ನೊಂದು ಮಂದಿ ಗೆಳೆಯರದು ಒಂದು ಬಳಗ. ಹೆಸರು 'ಎದುರುಬದುರು'. ತಿಂಗಳಿಗೆ ಎರಡು ಶನಿವಾರ ಅನುಮತಿ ಪಡೆದು ಜೈಲಿಗೆ ಹೋಗುತ್ತಾರೆ, ಕೈದಿಗಳ ಜೊತೆ ದುಂಡಗೆ ಕೂರುತ್ತಾರೆ. ಮಾಡಿದ್ದೇನು, ಅದರಿಂದ ಯಾರಿಗೆ ನೋವಾಯಿತು, ಈಗ ಏನು ಮಾಡಬಹುದು ಎಂದು ಕೈದಿಗಳೇ ಮಾತಾಡಬೇಕು. ಸಂಬಳ ಇಲ್ಲ, ಭಾಷಣ ಇಲ್ಲ, ಬೈಗುಳ ಇಲ್ಲ.

"ಮೊದಲನೇ ಪಾಠ ಏನು ಗೊತ್ತೇನ್ರಿ?" ರೇಖಾಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. "'ಆತು' ಅನ್ನಂಗಿಲ್ಲ! 'ತಪ್ಪಾತು, ಜಗಳಾತು, ಕೈ ತಗುಲ್ತು' ಇವ್ಯಾವೂ ನಡ್ಯಂಗಿಲ್ಲ. 'ಮಾಡಿದೆ' ಅನ್ಬೇಕು. ಕೈದಿಗಳಿಗೆ ಹೇಳೋಕಿಂತ ಮೊದಲು ನಾವು ಹೇಳ್ಬೇಕು. ಒಂದು ಗಡಿಗಿ ಒಡದದ್ದು ಹೇಳಾಕ ನನಗ ನಾಲ್ಕು ದಿನ ಹಿಡೀತು. ಇನ್ನು ಅವ್ರಿಗೆ ಹೆಂಗಿರಬ್ಯಾಡ!"

"ಕಳ್ಳರಿಗೆ ಮಾತು ಕಲಿಸಿದ್ರ ಏನಾಕ್ಕಾರ? ಮಾತಾಡೋ ಕಳ್ಳರಾಕ್ಕಾರ," ಎಂದ ಮಾರೇಶ್. "ಅವ್ರ ಕೂಡ ದುಂಡಗ ಕೂತು ಕಥಿ ಹೊಡಿಯಾಕ ನಿನಗೇನು ಮನಿ ಇಲ್ಲ, ಮಠ ಇಲ್ಲ?"

ಹುಲುಗಮ್ಮ ಎಲ್ಲ ಕೇಳಿಸಿಕೊಂಡು ಕೂತಿದ್ದಳು. ಆಮೇಲೆ ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿ ಕೇಳಿದಳು. "ನನ್ನ ಕುರಿ ಕದ್ದವನೂ ಅಲ್ಲೇ ಅದಾನೇನು?"

"ಅದಾನಂತ್ರಿ. ನಾ ಕೂರೋ ಗುಂಪಿನಾಗ ಇಲ್ಲ."

"ಹಂಗಾದ್ರ ಕೇಳಿಸು. ನನ್ನ ಜಮಾದಾರನ್ನ ಏನು ಮಾಡಿದಿ ಅಂತ ಅಷ್ಟ ಕೇಳಿಸು."

ಜಮಾದಾರ ಎಂದರೆ ಹುಲುಗಮ್ಮನ ನಾಯಿ. ಎದೆ ಮುಂದೆ ಮಾಡಿ ನಡೆಯುತ್ತಿತ್ತು, ಯಾವ ಕುರಿ ದಾರಿ ತಪ್ಪಿದರೂ ಗದರಿಸಿ ಕರೆತರುತ್ತಿತ್ತು. ಅದಕ್ಕೇ ಆ ಹೆಸರು. ಹೋದ ವರ್ಷ ಒಂದು ಬೆಳಗ್ಗೆ ನೋಡಿದರೆ ದೊಡ್ಡಿ ಖಾಲಿ. ಐದು ಕುರಿಯೂ ಇಲ್ಲ, ನಾಯಿಯೂ ಇಲ್ಲ. ಪಾಲಾಕ್ಷ ಎಂಬುವನು ಸಿಕ್ಕಿಬಿದ್ದ, ಕೇಸಾಯಿತು, ಶಿಕ್ಷೆಯೂ ಆಯಿತು. ಕಾಗದದಲ್ಲಿ ಕುರಿಗಳ ಬಣ್ಣ, ವಯಸ್ಸು ಎಲ್ಲ ಬರೆದರು. ನಾಯಿಯ ವಿಚಾರ ಯಾರೂ ಎತ್ತಲಿಲ್ಲ. ಹುಲುಗಮ್ಮ ಎತ್ತಿದಾಗ, "ಅದು ಬೊಗಳಲೇ ಇಲ್ಲಲ್ಲವ್ವ, ಕಳ್ಳರ ಪಾರ್ಟಿ ಸೇರಿರ್ಬೇಕು ಬಿಡು," ಎಂದು ಓಣಿಯವರು ನಕ್ಕರು.

ಆ ನಗು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಮರಿಯಿಂದ ಸಾಕಿದ ನಾಯಿ ಯಾಕೆ ಬೊಗಳಲಿಲ್ಲ? ಸತ್ತಿತೋ, ಕೈಕೊಟ್ಟು ಹೋಯಿತೋ? ಅವಳು ಮತ್ತೆ ಕುರಿ ಕಟ್ಟಲಿಲ್ಲ. ನಾಯಿಯನ್ನೂ ಸಾಕಲಿಲ್ಲ. ಮಾರೇಶ್ ಒಂದು ಮರಿ ತಂದುಕೊಟ್ಟರೆ, "ಇದೂ ನಾಳಿ ಯಾರ ಹಿಂದ ಹೊಕ್ಕೈತೋ," ಎಂದು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು.

ಹದಿನೈದು ದಿನಕ್ಕೆ ಅಕೀಲ ಮನೆಗೇ ಬಂದಳು. ಚಹಾ ಮುಗಿಯುವ ತನಕ ಊರ ಸುದ್ದಿ ಮಾತಾಡಿ ಲೋಟ ಕೆಳಗಿಟ್ಟಳು.

"ಹುಲುಗವ್ವಾ, ನೀವು ಕೇಳಿಸಿದ್ದು ಪಾಲಾಕ್ಷನಿಗೆ ಮುಟ್ಟಿಸಿದೆ. ಅವ ಎರಡು ತಿಂಗಳಿಂದ ನಮ್ಮ ಕೂಟಕ್ಕ ಬರ್ತಾನ. ಉತ್ತರ ನಿಮ್ಮ ಮುಂದ ಹೇಳ್ತೀನಿ ಅಂದಾನ. ಬರಾದು ಬಿಡಾದು ನಿಮ್ಮಿಷ್ಟ."

"ಇದೇನು ಅವನಿಗೆ ಶಿಕ್ಷಾ ಕಡಿಮಿ ಮಾಡ್ಸೋ ಆಟ ಏನ್ರಿ?" ಮಾರೇಶ್ ಬಾಗಿಲಲ್ಲೇ ಅಡ್ಡ ನಿಂತು ಕೇಳಿದ.

"ಇಲ್ಲಣ್ಣ. ನಮ್ಮ ಕೂಟದಾಗ ಕೂತ್ರ ಒಂದು ದಿನನೂ ಕಡಿಮಿ ಆಗಂಗಿಲ್ಲ. ಅದನ್ನ ಅವನಿಗೂ ಮೊದಲೇ ಹೇಳೀವಿ. ಅವ್ವಾರು ಕ್ಷಮಿಸ್ಬೇಕು ಅಂತನೂ ಇಲ್ಲ. ಸಾಕನ್ಸಿದ್ರ ನಡುವ ಎದ್ದು ಬರಬಹುದು."

"ಬೈಬಹುದೇನು?" ಹುಲುಗಮ್ಮ ಕೇಳಿದಳು.

"ಬೈರಿ. ಕೈ ಮಾತ್ರ ಎತ್ತಬ್ಯಾಡ್ರಿ."

"ಹಂಗಾದ್ರ ಬರ್ತೀನಿ."

ರೇಖಾಳಿಗೆ ಹಿಗ್ಗೂ ಭಯವೂ ಒಟ್ಟಿಗೇ. ಅತ್ತೆ ಜೈಲಿನಲ್ಲಿ ರಂಪ ಮಾಡಿದರೆ? ಆ ಹುಡುಗ ನಾಯಿಯನ್ನು ಕೊಂದೆ ಎಂದುಬಿಟ್ಟರೆ? ಅತ್ತೆ ಏಳುತ್ತಾಳಾ ಆಮೇಲೆ? "ನೀನು ಆವತ್ತು ಕಾರ್ಯಕರ್ತೆ ಅಲ್ಲ, ಬರೇ ಸೊಸಿ," ಎಂದು ಅಕೀಲ ಮೊದಲೇ ಎಚ್ಚರಿಸಿದ್ದಳು. "ಪಕ್ಕದಾಗ ಕೂತ್ಕೋ. ಬಾಯಿ ಹಾಕಬ್ಯಾಡ."

ಆ ಶನಿವಾರ ಹುಲುಗಮ್ಮ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದುಟ್ಟಳು.

"ಕಳ್ಳನ್ನ ನೋಡಾಕ ಹೊಸ ಸೀರಿ ಯಾಕ ಅತ್ತಿ?"

"ಅವ ನನ್ನ ದಿಕ್ಕಿಲ್ಲದಾಕಿ ಅಂದ್ಕಾಬಾರ್ದು. ನಡಿ."

ಜೈಲಿನ ಒಂದು ಕೋಣೆ. ಐದು ಪ್ಲಾಸ್ಟಿಕ್ ಕುರ್ಚಿ. ಹುಲುಗಮ್ಮ, ರೇಖಾ, ಅಕೀಲ, ಬಳಗದ ಇನ್ನೊಬ್ಬ ಕಾರ್ಯಕರ್ತ ಕ್ರಾಂತಿಕುಮಾರ್. ಐದನೆಯ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತ ಪಾಲಾಕ್ಷ. ಇಪ್ಪತ್ತೈದರ ಹುಡುಗ. ಬಾಗಿಲ ಬಳಿ ದಪ್ಪ ಮೀಸೆಯ ಕಾವಲುಗಾರ.

ಅಕೀಲ ಇನ್ನೂ ಬಾಯಿ ತೆರೆದಿರಲಿಲ್ಲ. ಹುಲುಗಮ್ಮ ಗುಡುಗಿದಳು. "ಮೊದ್ಲು ಹೇಳು, ಜಮಾದಾರ ಎಲ್ಲಿ?"

"ಏನವ್ವಾ, ಇಲ್ಲೇ ಅದೀನಲ್ಲ!" ಬಾಗಿಲ ಬಳಿಯ ಕಾವಲುಗಾರ ಬೆಚ್ಚಿ ನೆಟ್ಟಗೆ ನಿಂತ. ಆ ಜೈಲಿನಲ್ಲಿ ಅವನನ್ನೂ ಎಲ್ಲರೂ ಜಮಾದಾರ್ ಎಂದೇ ಕರೆಯುತ್ತಿದ್ದರು.

"ನೀ ಅಲ್ಲಪ್ಪ. ನಾನು ಕೇಳಿದ್ದು ನನ್ನ ನಾಯಿ ಸುದ್ದಿ."

ಕ್ರಾಂತಿಕುಮಾರ್ ಮೊದಲು ನಕ್ಕ. ಆಮೇಲೆ ಕಾವಲುಗಾರನೂ ಮೀಸೆಯೊಳಗೇ ನಕ್ಕ. ಪಾಲಾಕ್ಷನಿಗೂ ನಗು ಬಂತು, ಬಂದದ್ದೇ ಹೆದರಿ ನುಂಗಿಕೊಂಡ. "ಅವ್ವಾ... ತಪ್ಪಾತ್ರಿ," ಎಂದ.

"ಆತಾ? ಮಳಿ ಆದಂಗ ಆತೇನು?" ಹುಲುಗಮ್ಮ ಕುರ್ಚಿಯ ಅಂಚಿಗೆ ಸರಿದಳು. "ನನ್ನ ಸೊಸಿ ಒಂದು ಗಡಿಗಿಗೆ 'ನಾನು ಒಡದೆ' ಅಂದಾಳ. ಐದು ಕುರಿಗೆ ನಿನಗ ಬಾಯಿ ಬರವಲ್ದಾ?"

ಪಾಲಾಕ್ಷ ಅಂಗಿಯ ಗುಂಡಿ ತಿರುವುತ್ತಾ ಕೂತ. ಹುಡುಗನ ಪರವಾಗಿ ಏನಾದರೂ ಹೇಳಿಬಿಡಬೇಕು ಅನ್ನಿಸಿ ರೇಖಾ ಬಾಯಿ ತೆರೆದಳು. ಅಕೀಲ ಕುರ್ಚಿ ಕೆಳಗೆ ಅವಳ ಕಾಲು ತುಳಿದಳು.

"ನಾನು ಕದ್ದೆ," ಎಂದ ಪಾಲಾಕ್ಷ.

ಒಮ್ಮೆ ಅಷ್ಟು ಹೊರಬಂದ ಮೇಲೆ ಉಳಿದದ್ದು ನಿಲ್ಲಲಿಲ್ಲ. "ಕುರಿ ವ್ಯಾಪಾರ ಅಂತ ಎರಡು ಸಲ ನಿಮ್ಮ ಮನಿಗೆ ಬಂದಿದ್ದೆ. ನೀವು ಚಾ ಕೊಟ್ರಿ. ನಾನು ನಾಯಿಗೆ ಬಿಸ್ಕೀಟ್ ಹಾಕಿ ಪರಿಚಯ ಮಾಡ್ಕೊಂಡೆ. ಮುಂದ ಬೊಗಳಬಾರ್ದು ಅಂತ್ಲೇ ಹಾಕಿದೆ."

ಹುಲುಗಮ್ಮನ ದನಿ ಇಳಿಯಿತು. "ಅಂದ್ರ ನಿನ್ನನ್ನ ನಮ್ಮ ಮನಿ ನಂಟ ಅಂದ್ಕಂತು ಅದು."

"ಹೂನ್ರಿ."

"ಮೋಸ ಮಾಡಿದ್ದು ಅದಲ್ಲ."

"ಅಲ್ರಿ. ನಾನು."

ಒಂದು ವರ್ಷ ಅವಳು ನಾಯಿಯ ಮೇಲೂ ಸಿಟ್ಟು ಹೊತ್ತು ತಿರುಗಿದ್ದಳು. ಅದು ಈಗ ಇಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, "ಆಮ್ಯಾಕ?" ಎಂದಳು.

"ಕುರಿ ಗಾಡಿಗೆ ಹತ್ತಿಸಿದೆ. ಅದೂ ಹಿಂದೇ ಜಿಗಿದು ಹತ್ತಿತು. ಕುರಿ ಮಾರಿ ಬಂದ್ರೂ ಗಾಡಿ ಬಿಟ್ಟು ಇಳೀಲಿಲ್ಲ. ವಾಪಸ್ ಬಿಟ್ಟು ಬಂದ್ರ ಸಿಕ್ಕಿಬೀಳ್ತೀನಿ ಅಂತ ನಮ್ಮ ಮನಿಗೇ ಒಯ್ದೆ. ನಮ್ಮವ್ವ ಅದಕ್ಕ ಅನ್ನ ಹಾಕ್ತಾಳ."

"ಹಾಕ್ತಿದ್ಲಾ, ಹಾಕ್ತಾಳಾ?"

"ಹಾಕ್ತಾಳ್ರಿ. ಮೊನ್ನೆ ಫೋನ್ ಮಾಡಿದಾಗ್ಲೂ ಬೊಗಳಾದು ಕೇಳಿಸ್ತು."

ರೇಖಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಲ್ಲದಿದ್ದರೆ ಕೂಗಿಬಿಡುತ್ತಿದ್ದಳು. ಕಾವಲುಗಾರನೇ ತಡೆಯಲಾರದೆ, "ಅದಾನಾ! ಬದುಕ್ಯಾನಾ!" ಎಂದುಬಿಟ್ಟ.

"ಇಷ್ಟು ದಿನ ಯಾಕ ಹೇಳ್ಲಿಲ್ಲಲೇ?" ಹುಲುಗಮ್ಮ ಪಾಲಾಕ್ಷನನ್ನು ಗದರಿದಳು.

"ಯಾರೂ ಕೇಳ್ಲಿಲ್ರಿ. ನೀವೇ ಮೊದಲು ಕೇಳಿದ್ದು."

ಅಕೀಲ ಆಗ ಒಂದೇ ಪ್ರಶ್ನೆ ಕೇಳಿದಳು. "ಪಾಲಾಕ್ಷ, ಇನ್ನು ನಿನ್ನ ಕೈಲಿ ಏನು ಸರಿ ಮಾಡಾಕಾಕ್ಕತಿ?"

ಅವನು ಯೋಚಿಸಿ ಹೇಳಿದ. "ಬಿಡುಗಡಿ ಆದ ದಿನ ಮೊದ್ಲು ಅವ್ವಾರ ಮನಿಗೆ ಬರ್ತೀನಿ. ದೊಡ್ಡಿಗೆ ಗಟ್ಟಿ ಬಾಗ್ಲ ಮಾಡಿಕೊಡ್ತೀನಿ. ಯಾವ ಕಡಿಯಿಂದ ಕಳ್ಳ ನುಗ್ತಾನ ಅಂತ ನನಗ ಚೆನ್ನಾಗಿ ಗೊತ್ತೈತಿ."

"ದೊಡ್ಡ್ಯಾಗ ಕುರಿ ಎಲ್ಲದಾವಪ್ಪ?" ಎಂದ ಹುಲುಗಮ್ಮ, ಏಳುತ್ತಾ ಸೇರಿಸಿದಳು. "ಬಾ, ನೋಡಾಣ. ಈಗ ನಿಮ್ಮವ್ವನ ಊರು ಹೇಳು."

ಊರು ಕೊಟ್ಟೂರಿನಿಂದ ಮೂರು ಮೈಲಿ. ಮಾರೇಶ್ ಫೋನಿನಲ್ಲಿ, "ಮುಂದಿನ ವಾರ ರಜಾ ಹಾಕಿ ನಾನೇ ಕರ್ಕೊಂಡು ಹೊಕ್ಕೀನಿ ಇರವ್ವ," ಎಂದ. "ನೀ ಇರು ಅಲ್ಲೇ," ಎಂದು ಹುಲುಗಮ್ಮ ಫೋನ್ ಸೊಸೆಯ ಕೈಗಿಟ್ಟಳು. ಆಗಲೇ ಹತ್ತಿದ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವಳು, ಡ್ರೈವರ್‌ಗೆ ಕೇಳುವಂತೆ, "ಎತ್ತಿನ ಗಾಡಿ ಇದಕ್ಕಿಂತ ಮುಂದ ಹೊಕ್ಕಿತ್ತು," ಎಂದು ಎರಡು ಸಲ ಹೇಳಿದಳು. ರೇಖಾಳ ಎದೆ ಬಸ್ಸಿಗಿಂತ ಜೋರಾಗಿ ಓಡುತ್ತಿತ್ತು.

ಪಾಲಾಕ್ಷನ ತಾಯಿ ಕೊಟ್ರಮ್ಮನ ಮನೆ ಊರ ಕೊನೆಗೆ. ಹುಲುಗಮ್ಮ ಓಣಿಯ ತಿರುವಿನಲ್ಲಿ ನಿಂತು ನಾಲಿಗೆಯಿಂದ ಟರ್‍ರ್ ಎಂದು ಕುರಿ ಕರೆಯುವ ಸದ್ದು ಮಾಡಿದಳು. ಅಷ್ಟೇ. ಕಟ್ಟೆಯ ಮೇಲಿಂದ ಕಂದು ಬಣ್ಣದ್ದೊಂದು ಉರುಳಿ ಬಂತು. ಓಡಿತು, ಬಿತ್ತು, ಎದ್ದಿತು, ಇಳಕಲ್ ಸೀರೆಯ ಮೇಲೆಲ್ಲ ಕೆಸರು ಕಾಲಿಟ್ಟಿತು. "ಲೇ ಜಮಾದಾರಾ! ಲೇ ಭಾಡ್ಯಾ!" ಹುಲುಗಮ್ಮ ನಡು ರಸ್ತೆಯಲ್ಲೇ ಕೂತುಬಿಟ್ಟಳು.

ಕೊಟ್ರಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಖಕ್ಕೆ ಸೆರಗು ಎಳೆದುಕೊಂಡು, "ಅದು ನಿಮ್ದೇ ಅಂತ ಕೇಸಾದಾಗ ಗೊತ್ತಾತು ಯವ್ವಾ," ಎಂದಳು. ಆಮೇಲೆ ತಡೆದು, "ತಂದು ಬಿಡಾಕ ಧೈರ್ಯ ಮಾಡ್ಲಿಲ್ಲ ನಾನು. ಒಯ್ರಿ," ಎಂದಳು.

ರೇಖಾಳಿಗೆ ಆಗ ಬಾಗಿಲೊಳಗಿನ ಮನೆ ಕಂಡಿತು. ಒಂದು ತಾಟು, ಒಂದು ಚಾಪೆ. ಹುಲುಗಮ್ಮನೂ ನೋಡಿದಳು.

"ಮಗನ್ನ ನೋಡಾಕ ಒಮ್ಮೆರ ಹೋಗೀಯೇನು?"

"ಇಲ್ಲ ಯವ್ವಾ. ಫೋನ್ ಮಾಡ್ತಾನ, ಅಷ್ಟ. ಕಳ್ಳನ ತಾಯಿ ಅಂತ ಬಸ್ ಸ್ಟ್ಯಾಂಡಿನಾಗೇ ಗುರ್ತು ಹಿಡಿತಾರೇನೋ ಅಂತ ಹೆದರಿಕಿ."

"ಕಳಕೊಂಡಾಕಿ ನಾನು. ನಾನೇ ಹೋಗಿ ಕೂತು ಮಾತಾಡಿ ಬಂದೆ. ನೀನು ಹಡದಾಕಿ. ನೀನು ಹೋಗಂಗಿಲ್ಲ ಅಂದ್ರ ಹೆಂಗಬೇ?" ಹುಲುಗಮ್ಮ ಸೀರೆಯ ಕೆಸರು ಕೊಡವಿ ಎದ್ದಳು. "ನಾನು ಬರ್ತೀನಿ ಜೋಡಿ. ಯಾರು ಏನಂತಾರೋ ನಾನೂ ನೋಡ್ತೀನಿ."

ಜಮಾದಾರ ಹುಲುಗಮ್ಮನ ಜೊತೆ ಚಿಗಟೇರಿಗೆ ವಾಪಸಾಯಿತು. ಮುಂದಿನ ಭೇಟಿಯ ದಿನ ಹರಪನಹಳ್ಳಿಯಿಂದ ಹೊರಟ ಬಸ್ಸಿನಲ್ಲಿ ಮಾರೇಶನದೇ ಡ್ಯೂಟಿ. ಮೂವರು ಹೆಂಗಸರಿಗೆ ಜೀರೋ ಟಿಕೆಟ್ ಹರಿದುಕೊಟ್ಟ. ಕೊಟ್ರಮ್ಮ ಸೆರಗು ಮುಂದೆಳೆದುಕೊಂಡು ಕೂತಿದ್ದಳು. ಅವನು ಹೆಂಡತಿಯ ಕಿವಿಗೆ ಬಾಗಿ ಮೆಲ್ಲಗೆ ಕೇಳಿದ. "ನಿಮ್ಮ ಬಳಗಕ್ಕ ಕಂಡಕ್ಟರ್‌ಗಳನ್ನ ಸೇರಿಸ್ಕೊಂತೀರೇನು? ಇಡೀ ದಿನ ಮಂದಿ ಮಾತು ಕೇಳಿ ರೂಢಿ ಐತಿ ನನಗ."

"ಬಾಯಿ ಹಾಕಂಗಿಲ್ಲ ಮತ್ತ," ಎಂದಳು ರೇಖಾ.

"ಅದನ್ನೂ ಕಲೀತೀನಿ ಬಿಡು."

ಭೇಟಿಯ ಕೋಣೆಯಲ್ಲಿ ಪಾಲಾಕ್ಷ ತಾಯಿಯನ್ನು ಕಂಡು ಎದ್ದು ನಿಂತ. ಕೊಟ್ರಮ್ಮ ಸೆರಗು ಹಿಂದಕ್ಕೆ ಸರಿಸಿ ಮುಖ ತೋರಿಸಿದಳು. ಅವಳ ಬೆನ್ನ ಹಿಂದೆ ಹುಲುಗಮ್ಮ, ಯಾರೂ ಕೇಳದಿದ್ದರೂ, "ಇಕಿ ನನ್ನ ಕೂಡ ಬಂದಾಳ," ಎಂದು ಕಾವಲಿನವರಿಗೆ ಹೇಳುತ್ತಿದ್ದಳು.

ಓದುಗರೇ, ಕೇಳುಗರೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಅಕ್ಕ ಅಣ್ಣಂದಿರೇ, ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ, ಅದು ಆಗಲೇಬೇಕು. ಆದರೆ ಕಳೆದುಕೊಂಡವರ ಎದೆಯಲ್ಲಿ ಯಾವ ಕಾಗದವೂ ಕೇಳದ ಪ್ರಶ್ನೆ ಉಳಿದಿರುತ್ತದೆ. ಅದರ ಉತ್ತರ ಬಹಳ ಸಲ ಗೋಡೆಯ ಆಚೆ ಇರುವ ಒಬ್ಬನ ಹತ್ತಿರ ಮಾತ್ರ ಇರುತ್ತದೆ. ಆ ಇಬ್ಬರ ನಡುವೆ, ಇಬ್ಬರೂ ಒಪ್ಪಿದರೆ, ಸುಮ್ಮನೆ ಜೊತೆಗೆ ಕೂರಲು ಜನ ಬೇಕು. ಡಿಗ್ರಿ ಬೇಡ. ತಿಂಗಳಿಗೆ ಎರಡು ದಿನ ಮತ್ತು ಕೇಳುವ ಕಿವಿ ಸಾಕು. ಇಂಥ ಬಳಗ ಇದೆಯೇ ಎಂದು ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಈ ವಾರವೇ ವಿಚಾರಿಸಿ. ಇಲ್ಲ ಎಂದರೆ ನಾಲ್ಕು ಜನ ಸೇರಿ, ಶುರು ಮಾಡಲು ಯಾರ ಅನುಮತಿ ಬೇಕು ಎಂದು ಕೇಳಿ. ನೀವೇ ಕಳೆದುಕೊಂಡವರಾಗಿದ್ದರೆ, ನಿಮ್ಮ ಪ್ರಶ್ನೆ ಎಷ್ಟೇ ಸಣ್ಣದಿರಲಿ, ಮಂದಿ ನಗಲಿ, ಕೇಳಿಯೇ ಬಿಡಿ.